ಇವತ್ತಿನ ಬೀಗ

ಜೋಗುಪಾಳ್ಯದಲ್ಲಿ ಒಬ್ಬ ಮೊಬೈಲ್ ರಿಪೇರಿಯವನಿದ್ದ. ಜಾಗ ಸಾಲದ ಹಳೇ ಫೋನುಗಳನ್ನು ರೂಟ್ ಮಾಡಿ, ಅಂದರೆ ಕಂಪನಿ ಹಾಕಿದ ಕಟ್ಟು ಬಿಡಿಸಿ, ಆ್ಯಪ್‌ಗಳನ್ನು ಮೆಮೊರಿ ಕಾರ್ಡಿಗೆ ಸಾಗಿಸಿಕೊಡುತ್ತಿದ್ದ. ರೂಟ್ ಮಾಡುವಾಗ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಕನ್ನಡಕವನ್ನು ಹಣೆಗೇರಿಸಿ ಎಲ್ಲರನ್ನೂ ಕೇಳುತ್ತಿದ್ದ: "ಏನು ಹೋಗ್ಬಾರ್ದು, ಮೊದ್ಲು ಅದ್ ಹೇಳಿ."

ಒಮ್ಮೆ ನನ್ನೆದುರೇ, ಮನೆಗೆಲಸಕ್ಕೆ ಹೋಗುವ ಯಾದಗಿರಿ ಕಡೆಯ ಹೆಂಗಸೊಬ್ಬಳು, "ಏನೂ ಬ್ಯಾಡ್ರಿ, ಎಲ್ಲಾ ಅಳಸ್ರಿ" ಎಂದಳು. ಆದರೂ ಅವನು ಫೋಟೋಗಳನ್ನು ತೆರೆದು ನೋಡಿದ. ಉದ್ದಕ್ಕೂ ಒಂದೇ ಬಾಗಿಲು, ಒಂದೇ ಬೀಗ.

"ಇದೇನಮ್ಮಾ?"

"ಬೀಗ ಹಾಕೀನೋ ಇಲ್ಲೋ ಅಂತ ಬಸ್ಸಿನ್ಯಾಗ ದಿಗಿಲಾಗ್ತದ್ರಿ. ಅದಕ್ಕ ದಿನಾ ಫೋಟೋ ಹೊಡ್ಕೋತೀನಿ."

ನನಗೆ ನಗು ಬಂತು. ಅವನು ನಗಲಿಲ್ಲ. ಕೊನೆಯ ಫೋಟೋ ಒಂದನ್ನು ಮಾತ್ರ ತನ್ನ ಕಂಪ್ಯೂಟರಿಗೆ ತೆಗೆದಿಟ್ಟು ಫೋನನ್ನು ರೂಟ್ ಮಾಡಿದ. ಖಾಲಿಯಾದ ಫೋನಿಗೆ ಎಲ್ಲಕ್ಕಿಂತ ಮೊದಲು ಅದನ್ನೇ ಹಾಕಿ ಅವಳ ಕೈಗಿತ್ತ:

"ಇವತ್ತಿಂದು ಇದೆ, ನೋಡ್ಕೊಳ್ಳಿ."