ಪಟ್ಟಿಯಿಂದ ತೆಗೆದ ಹೆಸರು

ನಾಗವೇಣಿ, ನನ್ನ ಲೇಖನದ ಕೊನೆಯ ಆಕರಗಳ ಪಟ್ಟಿಯಿಂದ ನಿನ್ನ ಹೆಸರನ್ನು ತೆಗೆದವಳು ನಾನು. ಗೈಡ್ ಅಲ್ಲ, ಪತ್ರಿಕೆಯವರಲ್ಲ, ಕಂಪ್ಯೂಟರೂ ಅಲ್ಲ — ನಾನು. ಮಧುಗಿರಿಯ ನಮ್ಮ ಮನೆಯ ಮಹಡಿಯಲ್ಲಿ ಕಾಫಿ ಕುಡಿಯುತ್ತ ಕೂತು, ಒಂದು ಕೀ ಒತ್ತಿ ತೆಗೆದೆ. ಇಷ್ಟು ವರ್ಷ ಇದನ್ನು ನುಂಗಿಕೊಂಡು, ಎಲ್ಲರ ಬಾಯಲ್ಲೂ ಮೇಡಂ ಅನ್ನಿಸಿಕೊಂಡು ಓಡಾಡಿದ್ದೇನೆ. ನನ್ನ ಮೇಲೆ ನನಗೇ ಎಷ್ಟು ಸಿಟ್ಟಿದೆಯೆಂದರೆ — ಬೇಡ, ಮೊದಲು ನಡೆದದ್ದನ್ನು ಹೇಳುತ್ತೇನೆ. ಸಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಬೇರೆಯವರೂ ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ, ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬರೆಯಬೇಕು. ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ, ನೀನು ಅದೇ ವಿಭಾಗದಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ನಿನ್ನದು ಪಾವಗಡದ ಕ್ಯಾತಗಾನಚೆರ್ಲು, ಕುರಿ ಸಾಕುವ ಮನೆ. ಕುರಿ ಮೇಯುತ್ತಿದ್ದ ನೆಲದ ಮೇಲೆ ಸೋಲಾರ್ ಪ್ಯಾನೆಲ್ ಬಂದ ಮೇಲೆ ಅವುಗಳ ನೆರಳಿನಲ್ಲಿ ಯಾವ ಹುಲ್ಲು ಉಳಿಯಿತು, ಯಾವುದು ಹೊಸದಾಗಿ ಬಂತು ಎಂದು ಹುಡುಕಿ ಪಟ್ಟಿ ಮಾಡಿದವಳು ನೀನು. ಅದೇ ನಿನ್ನ ಎಂ.ಎಸ್ಸಿ. ಪ್ರಬಂಧ. ನಾನು ಅದೇ ಜಾಗದ ಮಣ್ಣಿನ ತೇವ ಅಳೆಯುತ್ತಿದ್ದೆ. ನಿನ್ನ ಹುಲ್ಲಿನ ಪಟ್ಟಿಯಿಲ್ಲದೆ ನನ್ನ ಲೇಖನ ನಿಲ್ಲುವಂತಿರಲಿಲ್ಲ.

ಮಣ್ಣು ತರಲು ನಿಮ್ಮೂರಿಗೆ ಬಂದಾಗ ಸೋಲಾರ್ ಪಾರ್ಕಿನ ಗೇಟಿನ ವಾಚ್‌ಮನ್ ಜೊತೆ ತೆಲುಗಿನಲ್ಲಿ ಜಗಳವಾಡಿ ನನ್ನನ್ನು ಒಳಗೆ ಬಿಡಿಸಿದವಳೂ ನೀನೇ. ನಾನು ಛತ್ರಿ ಹಿಡಿದು ನಿಂತಿದ್ದೆ. ನೀನು ಪ್ಯಾನೆಲ್ ಕೆಳಗೆ ತೂರಿ, ಮಂಡಿಯೂರಿ, ಒಂದೊಂದೇ ಹುಲ್ಲು ಕಿತ್ತು ತೋರಿಸುತ್ತಿದ್ದೆ. ನಿಮ್ಮವ್ವ ಮಜ್ಜಿಗೆ ಕೊಟ್ಟರು, ಹುರಿದ ಕಡಲೆಕಾಯಿ ಮಡಿಲಿಗೆ ಸುರಿದರು. "ನಮ್ಮುಡ್ಗೀಗೂ ನಿಮ್ಮಂಗೆ ಒಂದ್ ದಾರಿ ಆದ್ರೆ ಸಾಕು ಕಣಮ್ಮ" ಅಂದರು. ಪ್ರಬಂಧವನ್ನು ಪೆನ್‌ಡ್ರೈವಿಗೆ ಹಾಕಿಕೊಡುವಾಗ ನೀನು ಕೇಳಿದ್ದು ಒಂದೇ.

"ಅಕ್ಕಾ, ಕೊನೇಲಿ ನನ್ನೆಸ್ರು ಒಂದ್ ಹಾಕ್ಬುಡಕ್ಕ. ಮುಂದೆ ಪಿಎಚ್ಡಿ ಸೀಟಿಗೆ ಹೋದಾಗ ತೋರ್ಸಕ್ಕೆ ಆಗ್ತೈತೆ."

ಹಾಕಿದೆ ಕೂಡ. ಆಕರ ಜೋಡಿಸುವುದರಲ್ಲಿ ಇಡೀ ವಿಭಾಗಕ್ಕೆ ನಾನೇ ದೊಡ್ಡ ಪಂಡಿತೆ. ಪತ್ರಿಕೆಯ ಹೆಸರು ಓರೆ ಅಕ್ಷರದಲ್ಲಿ, ಸಂಪುಟದ ಸಂಖ್ಯೆ ದಪ್ಪ ಅಕ್ಷರದಲ್ಲಿ, ಇನಿಷಿಯಲ್ ಆದ ಮೇಲೆ ಚುಕ್ಕಿ, ಚುಕ್ಕಿ ಆದ ಮೇಲೆ ಜಾಗ. ಮುಖ ನೋಡದ, ಊರು ಕಾಣದ ಯಾವನೋ ವಿಜ್ಞಾನಿಯ ಹೆಸರಿನಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ನನಗೆ ಊಟ ಸೇರುತ್ತಿರಲಿಲ್ಲ. ಥೂ! ಆ ಶಿಸ್ತಿಗೆ ಬೆಂಕಿ ಬೀಳಲಿ.

ಹುಲ್ಲಿನ ಕೋಷ್ಟಕದ ಕೆಳಗೆ ನಿನ್ನ ಪ್ರಬಂಧದ ಸಂಖ್ಯೆ ಇತ್ತು — ಹದಿನಾಲ್ಕು. ಆಮೇಲೆ ಪತ್ರಿಕೆಯವರು ಆಕರಗಳು ಹೆಚ್ಚಾದವು, ಕಡಿಮೆ ಮಾಡಿ ಎಂದರು. "ನೀನೇ ನೋಡಿ ಮೂರ್ನಾಲ್ಕು ತೆಗೆದುಬಿಡಮ್ಮ" ಎಂದರು ಗೈಡ್. ಯಾವುದನ್ನು ಎಂದು ಅವರು ಹೇಳಲಿಲ್ಲ. ಪಟ್ಟಿಯಲ್ಲಿ ಅವರದೇ ಹಳೆಯ ಲೇಖನಗಳಿದ್ದವು, ನಮ್ಮ ಹುಲ್ಲಿಗೂ ಮಣ್ಣಿಗೂ ಸಂಬಂಧವಿಲ್ಲದವು, ಅವರನ್ನು ಮೆಚ್ಚಿಸಲು ನಾನೇ ತುರುಕಿದವು. ಅವನ್ನು ತೆಗೆಯುವ ಧೈರ್ಯ ನನಗಿರಲಿಲ್ಲ. ನಿನ್ನದನ್ನು ತೆಗೆಯಲು ಧೈರ್ಯವೇ ಬೇಕಿರಲಿಲ್ಲ.

ಇಷ್ಟೇ ಎಂದರೆ ಅದೂ ಅರ್ಧ ಸುಳ್ಳು. ಲೇಖನದ ಸಾರಾಂಶದಲ್ಲಿ ನಾನು 'ಮೊದಲ ಬಾರಿಗೆ' ಎಂದು ಬರೆದಿದ್ದೆ. ಈ ಹುಲ್ಲುಗಳನ್ನು ಮೊದಲ ಬಾರಿಗೆ ದಾಖಲಿಸಲಾಗಿದೆ ಎಂದು. ನಿನ್ನ ಪ್ರಬಂಧ ಪಟ್ಟಿಯಲ್ಲಿದ್ದರೆ ಆ ಮಾತು ನಿಲ್ಲುವುದು ಹೇಗೆ? ಅಚ್ಚಾಗದ ಪ್ರಬಂಧವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅಂಥ ಪ್ರಬಂಧಗಳನ್ನು ಹೇಗೆ ನಮೂದಿಸಬೇಕೆಂದು ಪತ್ರಿಕೆಯ ನಿಯಮದಲ್ಲಿ ಸ್ಪಷ್ಟವಾಗಿತ್ತು, ನಾನು ಓದಿಯೂ ಇದ್ದೆ. ಆದರೂ ತೆಗೆದೆ. ಹದಿನೈದನೆಯದು ತಾನಾಗಿಯೇ ಹದಿನಾಲ್ಕಾಯಿತು, ಅದರ ಹಿಂದಿನವೆಲ್ಲ ಒಂದೊಂದು ಹೆಜ್ಜೆ ಮುಂದೆ ಬಂದವು, ಎಲ್ಲೂ ಒಂದು ತೂತು ಕಾಣಲಿಲ್ಲ. ಆ ಅಚ್ಚುಕಟ್ಟು ನೋಡಿ ನನಗೆ ಖುಷಿಯಾಗಿತ್ತು, ನಾಗವೇಣಿ. ನೆನೆದರೆ ಈಗ ಮೈ ಉರಿಯುತ್ತದೆ.

ಲೇಖನ ಬಂತು. ಅದರ ಬಲದಿಂದ ನನಗೆ ಕಾಲೇಜಿನಲ್ಲಿ ಕೆಲಸವಾಯಿತು. ನೀನು ಮದುವೆಯಾಗಿ ಶಿರಾದ ತಾವರೆಕೆರೆಗೆ ಬಂದೆ. ಕೆಲವು ವರ್ಷದ ಮೇಲೆ ಕೊರಟಗೆರೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕಿದೆ. ನಿನ್ನ ಹಳೆಯ ಪಟ್ಟಿಯನ್ನೇ ಮುಂದುವರಿಸುವ ಯೋಜನೆ. ಅಲ್ಲಿನ ಆಯ್ಕೆ ಸಮಿತಿಯವರು ಅದನ್ನು ನಕಲು ಹಿಡಿಯುವ ಸಾಫ್ಟ್‌ವೇರಿಗೆ ಹಾಕಿದರು. ಪಟ್ಟಿಗೆ ಪಟ್ಟಿಯೇ ನನ್ನ ಲೇಖನಕ್ಕೆ ಹೊಂದಿಕೊಂಡಿತು. ನಿನ್ನ ಸ್ವಂತ ಮಾಲನ್ನು ನೀನೇ ಕದ್ದೆ ಎಂದಾಯಿತು! ನೀನು ಪ್ರಬಂಧದ ಪ್ರತಿ ಮುಂದಿಟ್ಟರೆ, ಅದರ ಮೇಲಿರುವುದು ಅಪ್ಪನ ಇನಿಷಿಯಲ್, ಅರ್ಜಿಯಲ್ಲಿರುವುದು ಗಂಡನ ಇನಿಷಿಯಲ್, ಇದು ನಿನ್ನದೇ ಅನ್ನುವುದಕ್ಕೆ ಏನು ಸಾಕ್ಷಿ ಎಂದು ಕೇಳಿದರಂತೆ ಆ ಬುದ್ಧಿವಂತರು. ತಮ್ಮ ಹೆಂಡತಿಯರ ಆಧಾರ್ ಕಾರ್ಡನ್ನು ಅವರು ಒಮ್ಮೆಯೂ ನೋಡಿಲ್ಲವೇ?

ಅವರನ್ನು ಬೈದು ಏನು ಬಂತು. ಅವರು ಕೊನೆಗೆ ಕೇಳಿದ್ದು ನನ್ನನ್ನೇ. "ಮೇಡಂ, ಈ ಹುಲ್ಲಿನ ಪಟ್ಟಿ ನಿಮ್ಮದೇನಾ?" — ಫೋನಿನಲ್ಲಿ ಯಾರೋ ಕುರ್ಚಿ ಎಳೆದ ಸದ್ದು, ಇನ್ಯಾರದೋ ಕೆಮ್ಮು. ಸ್ಪೀಕರ್ ಹಾಕಿದ್ದಾರೆ, ನೀನೂ ಅಲ್ಲೇ ಕೂತಿದ್ದೀಯ ಎಂದು ನನಗೆ ತಿಳಿದುಹೋಯಿತು.

"ಹೌದು ಸಾರ್, ನಮ್ದೇ."

"ಅಕ್ಕಾ —" ಎಂದಿತು ನಿನ್ನ ದನಿ. ನಾನು ಫೋನ್ ಇಟ್ಟುಬಿಟ್ಟೆ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುತ್ತಾರಲ್ಲ, ಹಾಗೆ ನಾನು ಮೆರೆದೆ. ನಿನಗೆ ಸೀಟು ಹೋಯಿತು, ಕಳ್ಳಿ ಎಂಬ ಮಾತು ಉಳಿಯಿತು. ಈಗ ಶಿರಾದಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತೀಯಂತೆ. ಬೇರೆ ಯಾವ ಕೇಂದ್ರಕ್ಕೂ ನೀನು ಮತ್ತೆ ಅರ್ಜಿ ಹಾಕಲಿಲ್ಲ ಎಂದು ಕೇಳಿದೆ. ಹಾಕುವ ಮನಸ್ಸಾದರೂ ಎಲ್ಲಿಂದ ಬರಬೇಕು?

ಈ ವರ್ಷ ನಮ್ಮ ಕಾಲೇಜಿನಲ್ಲಿ ಸಂಶೋಧನಾ ನೀತಿಯ ಪಾಠಕ್ಕೆ ನನ್ನನ್ನು ಹಾಕಿದರು. ನನ್ನನ್ನು! ಬೋರ್ಡಿನ ಮೇಲೆ ಶೀರ್ಷಿಕೆ ಬರೆದೆ, ತಿರುಗಿ ನಿಂತೆ, ಮತ್ತೆ ತಿರುಗಿ ಅದನ್ನು ಒರೆಸಿದೆ. ತಲೆನೋವು ಎಂದು ಇನ್ನೊಂದು ಸುಳ್ಳು ಹೇಳಿ ಹೊರಬಂದೆ. ಆ ಸಂಜೆಯೇ ಪತ್ರಿಕೆಗೆ ಬರೆದೆ, ನನ್ನ ಲೇಖನದಲ್ಲಿ ತಿದ್ದುಪಡಿ ಆಗಬೇಕು ಎಂದು. ಗೈಡ್‌ಗೆ ಸುದ್ದಿ ಮುಟ್ಟಿ ಫೋನ್ ಮಾಡಿದರು. "ಹಳೇದನ್ನೆಲ್ಲ ಯಾಕಮ್ಮ ಕೆದಕ್ತೀಯ? ಆ ಹುಡುಗಿ ಎಂದೋ ಮರೆತಿರ್ತಾಳೆ." ಮರೆಯುತ್ತಾಳಂತೆ! ಅವರ ಒಂದು ಲೇಖನ ಪಟ್ಟಿಯಿಂದ ಬಿಟ್ಟುಹೋಗಿದ್ದರೆ ಅವರು ಸಾಯುವತನಕ ಮರೆಯುತ್ತಿರಲಿಲ್ಲ.

ಪತ್ರಿಕೆಯವರು ತಿದ್ದುಪಡಿಯ ಕರಡು ಕಳಿಸಿದ್ದಾರೆ. ಎಲ್ಲರಿಗೂ ಹಾಕುವ ಸಿದ್ಧ ಮಾತು: ಈ ಆಕರವು ಕಣ್ತಪ್ಪಿನಿಂದ ಬಿಟ್ಟುಹೋಗಿತ್ತು, ಲೇಖಕರು ವಿಷಾದಿಸುತ್ತಾರೆ. ಒಪ್ಪಿಗೆ ಎಂದು ಬರೆದು ಕಳಿಸಿದರೆ ಮುಗಿಯಿತು, ಯಾರಿಗೂ ನೋವಿಲ್ಲ, ನನ್ನ ಕೆಲಸಕ್ಕೂ ಕುತ್ತಿಲ್ಲ. ಆದರೆ ಅದು ಕಣ್ತಪ್ಪಾದರೆ, ಫೋನಿನಲ್ಲಿ ನಾನು ಆಡಿದ ಮಾತು ಏನು? ಅದು ಬಾಯ್ತಪ್ಪೇ?

ಕಣ್ಣು ತಪ್ಪಿರಲಿಲ್ಲ. ಕಣ್ಣು ಬಿಟ್ಟುಕೊಂಡೇ ತೆಗೆದದ್ದು. ಆ ಸಾಲನ್ನು ಹೊಡೆದುಹಾಕಿ, 'ಪಟ್ಟಿ ನಾಗವೇಣಿಯವರದು. ಅವರ ಪ್ರಬಂಧದ ಉಲ್ಲೇಖವನ್ನು ಲೇಖಕಿ ತಿಳಿದೇ ತೆಗೆದಿದ್ದಾರೆ' ಎಂದು ಬರೆದು ಇವತ್ತು ಬೆಳಿಗ್ಗೆ ಕಳಿಸಿದ್ದೇನೆ. ಅದರ ಪ್ರತಿಯನ್ನು ನಮ್ಮ ಪ್ರಾಂಶುಪಾಲರ ಮೇಜಿನ ಮೇಲೂ ಇಟ್ಟಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ.

ನಾಳೆ ಕೊರಟಗೆರೆಗೆ ಹೋಗುತ್ತೇನೆ. ಆ ಸಮಿತಿಯವರ ಎದುರು ನಿಂತು, ಅಂದು ಸುಳ್ಳು ಹೇಳಿದವಳು ನಾನು ಎಂದು ಹೇಳುತ್ತೇನೆ. ನೀನು ಬರಬೇಡ, ನಾಗವೇಣಿ. ಆ ಕೋಣೆಯಲ್ಲಿ ನೀನು ಒಮ್ಮೆ ಕೂತದ್ದು ಸಾಕು.