ಎಡಗಡೆಯ ಕೊನೆಯ ಕಂಬ

ಆಗ್ಸ್‌ಬರ್ಗಿನಲ್ಲಿ ಎರಡು ಬೇಕರಿಗಳ ನಡುವೆ ಒತ್ತರಿಸಿಕೊಂಡು ನಿಂತ ಪುಟ್ಟ ಚರ್ಚಿನ ಬೀಗದಕೈ ಅಫ್ರಾ ಲೋಡರರ್ ಅಜ್ಜಿಯ ಸೊಂಟದಲ್ಲಿರುತ್ತದೆ. ಅದೆಷ್ಟು ದೊಡ್ಡದೆಂದರೆ ಅಜ್ಜಿಯೇ ಅದಕ್ಕೆ ನೇತುಬಿದ್ದಂತೆ ಕಾಣುತ್ತಾಳೆ. ನೋಡಲು ಬಂದವರು ದೇವರಿಗೆ ಹೆದರದಿದ್ದರೂ ಅವಳಿಗೆ ಹೆದರಲೇಬೇಕು. "ಟೋಪಿ ತೆಗೀರಿ. ಆ ಪ್ರೆಟ್ಸೆಲ್ ಇಲ್ಲಿ ಕೊಡಿ, ಪುಡಿ ಗುಡಿಸೋಳು ನಾನು" ಎಂದು ತಿಂಡಿ ಕಿತ್ತುಕೊಂಡು ಬೆಂಚಿನ ಮೇಲಿಟ್ಟು, ಹೋಗುವಾಗ ಯಾರದು ಯಾರಿಗೆ ಎಂದು ತಪ್ಪದೆ ಹಿಂತಿರುಗಿಸುತ್ತಾಳೆ. ಚಿನ್ನದ ಬಳ್ಳಿ, ಗುಂಡುಗೆನ್ನೆಯ ದೇವದೂತರು, ಚಾವಣಿ ತುಂಬ ಬರೆದ ಮೋಡ, ಇದನ್ನೆಲ್ಲ ನೋಡಿ ಜನ ಬಾಯಿ ಬಿಟ್ಟರೆ ಅವಳಿಗೆ ಸಿಟ್ಟು: "ಕತ್ತು ಯಾಕೆ ಉಳುಕಿಸ್ಕೋತೀರಿ? ಕಂಬ ಮುಟ್ಟಿ. ತಣ್ಣಗಿದೆಯಾ? ಇಲ್ಲ ಅಲ್ವಾ? ಅಮೃತಶಿಲೆ ಅಲ್ಲ ಸ್ವಾಮಿ, ಗಾರೆ! ಗಾರೆಗೆ ಅಂಟು, ಬಣ್ಣ ಕಲಸಿ ಉಜ್ಜಿದ್ದು. ಯುದ್ಧದಲ್ಲಿ ಬಿದ್ದಿದ್ದನ್ನ ನಮ್ಮಪ್ಪ ಎಬ್ಬಿಸಿದ್ದು." ಮುಟ್ಟಿದವರು ಬೆರಗಾಗುವವರೆಗೂ ಬಿಡುವುದಿಲ್ಲ. ಎಡಗಡೆಯ ಕೊನೆಯ ಕಂಬದ ಹತ್ತಿರ ಮಾತ್ರ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಅದರಲ್ಲಿ ಅಂಗೈಯಗಲ ಜಾಗ ಎಪ್ಪತ್ತು ವರ್ಷದಿಂದ ಹೊಳಪಿಲ್ಲದೆ ಒರಟಾಗಿಯೇ ಉಳಿದಿದೆ. ಹೋದ ವಸಂತದಲ್ಲಿ ದುರಸ್ತಿಗೆ ಬಂದ ಹುಡುಗಿ ಉಜ್ಜುಗಲ್ಲು ಕೈಗೆತ್ತಿಕೊಂಡು, "ಒಂದು ಗಂಟೆ ಕೆಲಸ ಅಜ್ಜಿ, ಫಳಫಳ ಅನ್ನೋ ಹಾಗೆ ಮಾಡ್ತೀನಿ" ಎಂದಳು. ಅಜ್ಜಿ ಕಂಬಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತಳು. "ಬೇಡಮ್ಮ" ಎಂದಳು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ. "ಅಪ್ಪ ತೀರ್ಕೊಳ್ಳೋ ಹಿಂದಿನ ದಿನ ಸಂಜೆ ಊಟಕ್ಕೆ ಕರೆಯೋಕೆ ನಾನೇ ಬಂದಿದ್ದೆ, ಏಳು ವರ್ಷದವಳು. ಇದೊಂಚೂರು ಇರಲಿ ಮಗಾ, ನಾಳೆ ಬಂದು ಮುಗಿಸ್ತೀನಿ ಅಂತ ಹೇಳಿದ್ದಾರೆ."