ಓಣಿಗೆ ಹಂಚಿದ ಹಿಟ್ಟು

ಈ ಪ್ರಸಂಗವನ್ನು ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಎಚ್‌ಐವಿ ಇರುವ ನಮ್ಮಂಥ ಹುಡುಗ ಹುಡುಗಿಯರನ್ನು ಕೂಡಿಸಿ ಧೈರ್ಯ ತುಂಬುವ ಸಭೆಗಳು ಅವು. ಅಲ್ಲಿ ಹೇಳಿದ ಕತೆಯ ಕೊನೆಯಲ್ಲಿ ನಾನು ಅಳುತ್ತೇನೆ, ಓಣಿಯ ಹೆಂಗಸೊಬ್ಬಳು ನನ್ನ ಕಣ್ಣೊರೆಸುತ್ತಾಳೆ, ಸಭೆ ಚಪ್ಪಾಳೆ ತಟ್ಟುತ್ತದೆ. ಸುಳ್ಳು. ಯಾರೂ ಅಳಲಿಲ್ಲ.

ರೋಣದ ನಮ್ಮ ಓಣಿಯಲ್ಲಿ ಮದುವೆ ಬಂತೆಂದರೆ ಆ ಮನೆಯವರು ಪ್ರತಿ ಮನೆಗೂ ಜೋಳದ ಹಿಟ್ಟು ಕೊಟ್ಟು ಬರುತ್ತಿದ್ದರು. ನಾವು ಅದನ್ನು ರೊಟ್ಟಿ ಬಡಿದು, ಕಡಕ್ ಮಾಡಿ, ಮದುವೆಮನೆಗೆ ಮುಟ್ಟಿಸಬೇಕು. ಹಿಟ್ಟು ಬಂದರೆ ನೀವು ಓಣಿಯವರು. ಅಪ್ಪ ಸತ್ತು ಎರಡು ವರ್ಷವಾಗಿತ್ತು, ಅಥವಾ ಮೂರು. ಅವ್ವನಿಗೂ ನನಗೂ ಅದೇ ರೋಗ ಎಂಬುದು ಎಲ್ಲರಿಗೂ ಗೊತ್ತಾಗಿತ್ತು. ಎದುರುಮನೆಯ ಮಗಳ ಮದುವೆಯ ಹಿಟ್ಟು ನಮ್ಮ ಬಾಗಿಲು ದಾಟಿ ಮುಂದಿನ ಮನೆಗೆ ಹೋಯಿತು.

“ಹೋಗ್ಲಿ ಬಿಡವಾ,” ಅಂದಳು ಅವ್ವ. ನನಗೆ ಹದಿನೇಳು. ಬಿಡಲಿಲ್ಲ.

“ಚಿಗವ್ವ, ನಮ್ಮ ಮನಿಗೆ ಹಿಟ್ಟು ಬರಲೇ ಇಲ್ಲಲ್ಲ?” ಎದುರುಮನೆಗೇ ಹೋಗಿ ಮದುಮಗಳ ತಾಯಿಯನ್ನು ನೇರವಾಗಿ ಕೇಳಿದೆ.

“ನಿಮ್ಮವ್ವಗ ಆರಾಮಿಲ್ಲಲ್ಲವಾ. ಸುಮ್ನ ಯಾಕ ತ್ರಾಸು ಅಂತ…”

“ನನ್ನ ಕೈ ಗಟ್ಟಿ ಅದಾವಲ್ಲ.”

ಅಕ್ಕಿ ಆರಿಸುತ್ತಿದ್ದ ಮುದುಕಿಯೊಬ್ಬಳು ನಕ್ಕಳು. “ಕೊಟ್ಟ ಕಳಸ ಮಾರಾಯ್ತಿ! ಇಕಿ ಇಸಗೊಳ್ಳದ ಇಲ್ಲಿಂದ ಕದಲಾಕಿ ಅಲ್ಲ.”

ಕೊಟ್ಟರು. ಅವ್ವ, ನಾನು ಎರಡು ದಿನ ಬಡಿದೆವು. ರೊಟ್ಟಿಗೆ ಕರಿ ಎಳ್ಳು ಹಚ್ಚುವವರು ಓಣಿಯಲ್ಲಿ ನಾವಷ್ಟೇ. ಒಯ್ದು ಕೊಟ್ಟಾಗ ಚಿಗವ್ವ, “ಭಾಳ ತೆಳ್ಳಗ ಬಂದಾವ,” ಎಂದು ನಗುತ್ತಲೇ ಬುಟ್ಟಿ ಇಳಿಸಿಕೊಂಡಳು.

ಮದುವೆಯ ದಿನ ಅಕ್ಷತೆ ಹಾಕಿ, ಕೈ ತೊಳೆಯಲು ಹಿತ್ತಲಿಗೆ ಹೋದೆ. ಎಮ್ಮೆಯ ಬಾನಿಯಲ್ಲಿ ರೊಟ್ಟಿ ನೆನೆಯುತ್ತಿದ್ದವು. ನೀರಿನ ಮೇಲೆ ಕರಿ ಎಳ್ಳು. ಮುಕ್ಕಾಲು ತುಂಬಿದ ಬುಟ್ಟಿ ಪಕ್ಕದಲ್ಲೇ ಇತ್ತು, ನಾನು ಮುಚ್ಚಿದ್ದ ಬಟ್ಟೆಯ ಸಮೇತ.

ಜತೆಗೆ ಉಂಡರೆ, ಮುಟ್ಟಿದರೆ, ಒಬ್ಬರು ಮಾಡಿದ್ದನ್ನು ತಿಂದರೆ ಈ ರೋಗ ಬರುವುದಿಲ್ಲ. ದವಾಖಾನೆಯ ನರ್ಸ್ ನಮ್ಮ ಓಣಿಯ ಕಟ್ಟೆಯ ಮೇಲೆ ನಿಂತೇ ಇದನ್ನು ಹೇಳಿಹೋಗಿದ್ದಳು. ಚಿಗವ್ವ ಎಲ್ಲರಿಗಿಂತ ಮುಂದೆ ಕೂತು ತಲೆಯಾಡಿಸಿದ್ದಳು.

ಬುಟ್ಟಿ ಎತ್ತುವಾಗ ಕೈ ನಡುಗಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನೆನಪಿಲ್ಲ. ಹಂದರದಲ್ಲಿ ನರಗುಂದದಿಂದ ಬಂದ ಗಂಡಿನ ಕಡೆಯವರು ಊಟಕ್ಕೆ ಕೂತಿದ್ದರು. ಎಲೆಗೆ ಎರಡರಂತೆ ಬಡಿಸುತ್ತ ನಡೆದೆ. ಬದನೆಕಾಯಿ ಪಲ್ಯದ ಬಕೆಟ್ ಹಿಡಿದು ಚಿಗವ್ವ ಎದುರಿಗೇ ಬಂದಳು. ಬುಟ್ಟಿಯ ಗುರುತು ಹಿಡಿದಳು. ಬೀಗರ ಮುಂದೆ ಏನಂತ ಹೇಳುತ್ತಾಳೆ? ಎಮ್ಮೆಗೆ ತೆಗೆದಿಟ್ಟಿದ್ದನ್ನು ಬಡಿಸಬೇಡ ಅಂತಲೇ?

“ತಂಗಿ, ಈ ಎಳ್ಳಿನವು ಇನ್ನೆರಡು ಹಾಕವಾ,” ಅಂದ ಒಬ್ಬ ಹಿರಿಯ. “ಯಾರ ಮನೀವು?”

“ನಮ್ಮ ಮನೀವುರಿ.”

ಅವನು ಚಿಗವ್ವನ ಕಡೆ ತಿರುಗಿದ. “ಏನ್ರಿ ಬೀಗತಿ, ಈ ಹುಡುಗೀನ ಮೊದಲ ಯಾಕ ತೋರಸಲಿಲ್ಲ? ಇಕೀನ ಮಾಡ್ಕೋತಿದ್ವಿ!”

ಸಾಲಿಗೆ ಸಾಲೇ ನಕ್ಕಿತು. ಚಿಗವ್ವನೂ ನಗಬೇಕಾಯಿತು. ನಾನು ನಗಲಿಲ್ಲ, ಮುಂದಿನ ಎಲೆಗೆ ಬಡಿಸಿದೆ.

ಒಂದು ಸಭೆಯಲ್ಲಿ ಇದನ್ನೆಲ್ಲ ಇದ್ದಂತೆ ಹೇಳಿದ್ದೆ. ಸಭೆ ನಡೆಸುವ ಅಕ್ಕ ಆಮೇಲೆ ಪಕ್ಕಕ್ಕೆ ಕರೆದಳು. “ಬಡಿಸಿದ್ದು ಬ್ಯಾಡವಾ, ಜನ ತಪ್ಪು ತಿಳ್ಕೋತಾರ. ಧೈರ್ಯದ್ದಷ್ಟ ಹೇಳು.” ಅದು ಧೈರ್ಯವಲ್ಲ, ಸಿಟ್ಟು. ಆ ಸಿಟ್ಟಿನಲ್ಲೇ ಕಾಲೇಜು ಮುಗಿಸಿದೆ. ಆ ಸಿಟ್ಟಿನಲ್ಲೇ ಒಂದು ಹೊತ್ತೂ ತಪ್ಪಿಸದೆ ಮಾತ್ರೆ ನುಂಗಿದೆ.

ಮುಂದಿನ ಮದುವೆಗೆ ಓಣಿಯ ಯಾವ ಮನೆಗೂ ಹಿಟ್ಟು ಬರಲಿಲ್ಲ. ನಮಗೆ ಕೊಡಬೇಕಾದೀತು ಎಂದು ಎಲ್ಲರಿಗೂ ಕೊಡುವುದನ್ನೇ ನಿಲ್ಲಿಸಿದರು. ರೊಟ್ಟಿಯನ್ನು ಗಜೇಂದ್ರಗಡದಿಂದ ಕೊಂಡು ತಂದರು. ಅವನ್ನು ಯಾರು ಬಡಿದಿದ್ದರೆಂದು ಒಬ್ಬರೂ ಕೇಳಲಿಲ್ಲ.